ಅಮ್ಮನ ಪಾಲಿನ ಬಾಗಿನ

ಆ ಬಾಗಿನ ಅಮ್ಮನಿಗೆ ಸೇರಬೇಕಾಗಿತ್ತು. ಗೌರಿ ಹಬ್ಬದ ಹಿಂದಿನ ದಿನವೇ ಅಕ್ಕ ಎರಡು ಮೊರಗಳಿಗೆ ಅರಿಶಿನ ಬಳಿದು ಒಣಗಿಸಿದ್ದಳು. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಜೋಡಿಸಿ, ಇನ್ನೊಂದನ್ನು ಮೇಲೆ ಮುಚ್ಚಿ ದಾರ ಸುತ್ತಿದ್ದಳು. ಅಮ್ಮ ಆಗ ಆಸ್ಪತ್ರೆಯಲ್ಲಿದ್ದಳು. ಐಸಿಯು ಒಳಗೆ ಮೊರ ತರುವಂತಿಲ್ಲ ಎಂದು ಬಾಗಿಲಲ್ಲೇ ತಡೆದರು. ಮನೆಗೆ ಬಂದ ಮೇಲೆ ಕೊಟ್ಟರಾಯಿತು ಎಂದುಕೊಂಡು ಅಕ್ಕ ಅದನ್ನು ವಾಪಸ್ ತಂದಳು. ಅಮ್ಮ ಮನೆಗೆ ಬರಲಿಲ್ಲ.

ಅರಿಶಿನ ಕುಂಕುಮ ಇಟ್ಟುಕೊಂಡೇ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಅಪ್ಪನಿಗೆ ಹೇಳಿದರು. ಅಪ್ಪ ತಲೆಯಾಡಿಸುತ್ತಾ ಕೂತಿದ್ದರು. ಅಕ್ಕನಿಗೆ ಮಾತ್ರ ಆ ಬಾಗಿನದ್ದೇ ಚಿಂತೆ. ಅಕ್ಕಿ ಬೇಳೆಗೆ ಹುಳ ಬೀಳುತ್ತದೆಂದು ತೆಗೆದು ಬಳಸಿದಳು, ಮೊರಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮೂಡಲಪಾಳ್ಯದ ತನ್ನ ಮನೆಯ ಅಟ್ಟದ ಮೇಲಿಟ್ಟಳು. ತಾಯಿಗೆಂದು ಕಟ್ಟಿದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ ಎನ್ನುತ್ತಿದ್ದಳು. ಹಾಗೆಂದು ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಅಮ್ಮನೇ ಯಾವಾಗಲೋ ಹೇಳಿರಬೇಕು.

ಅಮ್ಮನ ವರ್ಷಾಬ್ದಿಕ ಮುಗಿದು ಕಳೆದ ವರ್ಷ ಮತ್ತೆ ಗೌರಿ ಹಬ್ಬ ಬಂದಾಗ ಅಕ್ಕನೇ ದಾರಿ ಕಂಡುಕೊಂಡಳು. ಅಮ್ಮ ಹುಟ್ಟಿದ ಊರು ಈಗ ಇಲ್ಲ. ಮಾಗಡಿ ಕಡೆಯ ಬೆಟ್ಟಗಳ ನಡುವೆ ಅಣೆಕಟ್ಟು ಕಟ್ಟಿದಾಗ ಅದು ನೀರಿನ ಅಡಿಗೆ ಹೋಯಿತು. ಆ ಊರಿನ ಬಗ್ಗೆ ಅಮ್ಮ ಅತ್ತುಕೊಂಡು ಹೇಳಿದವಳಲ್ಲ. ಅವರೆಕಾಯಿ ಸುಲಿಯುತ್ತಾ, ಹೂ ಕಟ್ಟುತ್ತಾ, ಯಾವುದೋ ಮಾತಿನ ನಡುವೆ ತಂದುಬಿಡುತ್ತಿದ್ದಳು. ಊರಾಚೆ ಹಳ್ಳದ ಮೇಲೆ ಒಂದು ಕಲ್ಲಿನ ಸೇತುವೆ ಇತ್ತಂತೆ. ಸಾಯಂಕಾಲ ಹುಡುಗಿಯರೆಲ್ಲ ಅದರ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು, ಬಸ್ಸಿನಿಂದ ಯಾರು ಇಳಿಯುತ್ತಾರೆ, ಯಾರ ಮನೆಗೆ ನೆಂಟರು ಎಂದು ನೋಡುತ್ತಿದ್ದರಂತೆ. ಅಪ್ಪನನ್ನು ಮೊದಲು ನೋಡಿದ್ದೂ ಅಲ್ಲಿಂದಲೇ. ಈ ಕಥೆ ನಮಗೆ ಬಾಯಿಪಾಠವಾಗಿತ್ತು.

ತುಂಬಿದ ಕೆರೆಗೆ, ನದಿಗೆ ಬಾಗಿನ ಬಿಡುವುದು ಎಲ್ಲ ಕಡೆಯೂ ಇದೆ. ಆ ಜಲಾಶಯ ಆ ಸಲ ತುಂಬಿತ್ತು. ಅಮ್ಮನ ಬಾಗಿನವನ್ನು ಅಮ್ಮನ ತವರಿಗೇ ಒಪ್ಪಿಸಿ ಬರೋಣ ಎಂದಳು ಅಕ್ಕ. ನನಗೂ ಸರಿ ಎನಿಸಿತು. ಈಗಲೂ ಅದರಲ್ಲಿ ತಪ್ಪೇನಿತ್ತೆಂದು ನನಗೆ ತಿಳಿಯುವುದಿಲ್ಲ.

ಹಬ್ಬದ ಮುಂದಿನ ಭಾನುವಾರ ಭಾವನ ಕಾರಿನಲ್ಲಿ ಹೊರಟೆವು. ಅತ್ತಿಗುಪ್ಪೆಯಲ್ಲಿ ನಮ್ಮ ಮನೆ ಮುಂದೆ ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡರು. ನನ್ನ ಜೊತೆಯಲ್ಲೇ ಇರುವ ಅಪ್ಪನಿಗೆ ಮಂಡಿ ನೋವು, ಅವರು ಬರಲಿಲ್ಲ. ಭಾವನಿಗೆ ಮನೆಯ ಕೆಳಗೇ ಎಲೆಕ್ಟ್ರಿಕಲ್ ಅಂಗಡಿ. ಎಲ್ಲಿಗೆ ಹೋದರೂ ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರ್ ಇರಬೇಕು. ದಪ್ಪ ಗಾಜಿನ ಕನ್ನಡಕ, ಅದಿಲ್ಲದಿದ್ದರೆ ಎದುರಿಗಿದ್ದವರ ಮುಖವೂ ಕಾಣಿಸದು. ಸ್ಟೂಲು ಹತ್ತುವಾಗ, ಮುಖ ತೊಳೆಯುವಾಗ ಅದನ್ನು ತೆಗೆದು ಪಕ್ಕದಲ್ಲಿ ಯಾರಿದ್ದರೂ ಅವರ ಕೈಗಿಟ್ಟು ‘ಹಿಡ್ಕೋ’ ಎನ್ನುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಗಳೂ ಹಿಡಿದುಕೊಂಡು ನಿಲ್ಲುತ್ತಿದ್ದರು.

ದಾರಿಯುದ್ದಕ್ಕೂ ಅಕ್ಕನನ್ನು ಛೇಡಿಸಿದರು.

“ನಾನು ತಂದುಕೊಟ್ಟ ಸೀರೆನ ನಿಮ್ಮಮ್ಮ ಒಂದ್ಸಲನೂ ಉಡ್ಲಿಲ್ಲ. ಈಗ ಈ ಮೊರ ತಗೋತಾರೆ ಅಂತ ಏನ್ ಗ್ಯಾರಂಟಿನೇ?”

“ಅದು ಸೀರೆನಾ? ಅಂಗಡಿ ಕರ್ಟನ್ ಥರ ಇತ್ತು. ಸುಮ್ನೆ ಓಡಿಸ್ರೀ,” ಎಂದಳು ಅಕ್ಕ. ಮೊರ ಅವಳ ತೊಡೆಯ ಮೇಲಿತ್ತು. ನಗುತ್ತಿದ್ದಳು.

ಅಣೆಕಟ್ಟಿನ ಬಳಿ ಜಾತ್ರೆಯಂಥ ಜನ. ಬೈಕುಗಳು, ಮಸಾಲೆ ಹಚ್ಚಿದ ಜೋಳ, ಸೆಲ್ಫಿ. ಅಲ್ಲಿ ನಮಗೆ ಕೆಲಸವಿರಲಿಲ್ಲ. ಅಪ್ಪ ಹೇಳಿಕೊಟ್ಟಂತೆ ಬೆಟ್ಟವನ್ನು ಬಳಸಿ, ಮಣ್ಣಿನ ದಾರಿಯಲ್ಲಿ ಕುಲುಕಾಡುತ್ತಾ ಆಚೆ ದಡಕ್ಕೆ ಹೋದೆವು. ಅಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಒಬ್ಬಾತ ಹಸು ಮೇಯಿಸುತ್ತಿದ್ದ. ಲಂಟಾನದ ಪೊದೆ, ಮೊಣಕಾಲುದ್ದದ ಹುಲ್ಲು, ಮೂರು ಕಡೆಯೂ ಬೋಳು ಬಂಡೆಯ ಬೆಟ್ಟಗಳು. ನಡುವೆ ನೀರು ಸುಮ್ಮನಿತ್ತು.

ಊರಿಗೆ ಹೋಗುತ್ತಿದ್ದ ಹಳೆಯ ರಸ್ತೆ ಇನ್ನೂ ಇತ್ತು. ಎರಡೂ ಅಂಚಿಗೆ ಕಲ್ಲು ಕೂರಿಸಿದ, ಹುಲ್ಲು ಮುಚ್ಚಿದ ಗಟ್ಟಿ ರಸ್ತೆ. ಇಳಿಜಾರಿನಲ್ಲಿ ನೇರ ನೀರಿಗೆ ಇಳಿದು, ನೀರೊಳಗೂ ಒಂದಷ್ಟು ದೂರ ಕಾಣುತ್ತಿತ್ತು. ಅಕ್ಕ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು, ಅಮ್ಮ ಸ್ಕೂಲಿಗೆ ಹೋಗ್ತಿದ್ದಿದ್ದು ಇಲ್ಲೇ ಅಲ್ವೇನೇ ಎಂದಳು. ಹೌದು ಎಂದೆ.

ಮೊರ ತೇಲಲಿ ಎಂದು ಅಕ್ಕಿ ಬೇಳೆಯನ್ನು ಒಂದೊಂದು ಹಿಡಿಯಷ್ಟೇ ಹಾಕಿದ್ದಳು. ಅರಿಶಿನ ಕುಂಕುಮ ಹಾಕಿ, ಕರ್ಪೂರ ಬೆಳಗಿ, ನಾವಿಬ್ಬರೂ ಮೊಣಕಾಲು ಮುಳುಗುವಷ್ಟು ನೀರಿಗಿಳಿದೆವು. ಕಾಲಡಿಯ ನೆಲ ಗಟ್ಟಿಯಾಗಿತ್ತು, ಅದಕ್ಕೇ ಹೆದರಿಕೆಯೇ ಆಗಲಿಲ್ಲ. ಸೆರಗಿನ ತುದಿಯನ್ನು ಮೊರದ ಮೇಲಿಟ್ಟುಕೊಂಡು, ಬಾಗಿ, ಬಿಟ್ಟೆವು. ಮೊರ ಸ್ವಲ್ಪ ದೂರ ಹೋಯಿತು, ನಿಂತಿತು. ಬೆಟ್ಟದ ಕಡೆಯಿಂದ ಗಾಳಿ ಬಂದಾಗ ತಿರುಗಿ, ನಿಧಾನವಾಗಿ ನಮ್ಮ ಕಾಲ ಬಳಿಗೇ ಬಂತು.

ಅಕ್ಕ ಮತ್ತೆ ತಳ್ಳಿದಳು. ಮತ್ತೆ ಬಂತು.

ದಡದಲ್ಲಿ ಕೂತಿದ್ದ ಭಾವ, “ಅಡ್ರೆಸ್ ಸರಿ ಇಲ್ಲ ಅಂತ ಅತ್ತೆ ವಾಪಸ್ ಕಳಿಸ್ತಿದಾರೆ ನೋಡೇ,” ಎಂದರು.

ನನಗೆ ನಗು ಬಂತು. ಅಕ್ಕ ನಗಲಿಲ್ಲ. ಅವಳ ಮುಖ ಚಿಕ್ಕ ಹುಡುಗಿಯ ಮುಖದಂತಾಗಿತ್ತು.

“ಆಸ್ಪತ್ರೆಯಿಂದ್ಲೂ ವಾಪಸ್ ಬಂತು ಕಣೇ. ಇಲ್ಲೂ ವಾಪಸ್ ಬರ್ತಾ ಇದೆ. ಅಮ್ಮಂಗೆ ನನ್ ಮೇಲೆ ಬೇಜಾರೇನೋ.”

ಹಾಗೆಲ್ಲ ಏನೂ ಇಲ್ಲ, ಗಾಳಿ ಅಕ್ಕ, ಎಂದೆ. ಇಲ್ಲೇ ಬಿಟ್ಟು ಹೋಗೋಣ, ಗಾಳಿ ನಿಂತ ಮೇಲೆ ತಾನೇ ಹೋಗುತ್ತದೆ ಎಂದೂ ಹೇಳಿದೆ. ಕೊಟ್ಟ ಬಾಗಿನ ದಡದಲ್ಲಿ ಬಿದ್ದಿರಬಾರದು, ಸ್ವಲ್ಪ ಮುಂದೆ ಹೋಗಿ ಬಿಟ್ಟು ಬರ್ತೀನಿ ಎಂದು ಅವಳು ಮೊರ ಎತ್ತಿಕೊಂಡಳು. ರಸ್ತೆಯ ಮೇಲೆಯೇ ನಡೆದಳು. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಸಾಕು ಬಾರೇ ಎಂದು ಭಾವ ಎದ್ದು ನಿಂತರು. ಅವಳು ಎರಡೂ ಕೈಯಿಂದ ಮೊರವನ್ನು ಮುಂದಕ್ಕೆ ಜೋರಾಗಿ ನೂಕಿ, ಅದರ ಹಿಂದೆಯೇ ಇನ್ನೊಂದು ಹೆಜ್ಜೆ ಇಟ್ಟಳು.

ಆ ಹೆಜ್ಜೆಗೆ ನೆಲ ಇರಲಿಲ್ಲ.

ಕೂಗು ಕೇಳಲಿಲ್ಲ. ಸೆರಗು ಒಂದು ಕ್ಷಣ ನೀರಿನ ಮೇಲೆ ಅಗಲವಾಗಿ ಹರಡಿಕೊಂಡಿತು, ಅದರ ನಡುವಿನಿಂದ ಅವಳ ಎರಡು ಕೈ ಮೇಲೆ ಬಂದವು. ಭಾವ ನನ್ನ ಪಕ್ಕಕ್ಕೆ ಬಂದಿದ್ದರು. ಕನ್ನಡಕ ತೆಗೆದು ನನ್ನ ಅಂಗೈಗೆ ಇಟ್ಟರು.

“ಹಿಡ್ಕೋ.”

ನಾನು ಹಿಡಿದುಕೊಂಡೆ.

ಭಾವನಿಗೆ ಈಜು ಬರುತ್ತಿತ್ತು ಎನ್ನಬೇಕೋ ಬರುತ್ತಿರಲಿಲ್ಲ ಎನ್ನಬೇಕೋ ತಿಳಿಯದು. ಮದುವೆಗೆ ಮೊದಲು ಬಸವೇಶ್ವರನಗರದ ಈಜುಕೊಳದಲ್ಲಿ ಒಂದು ಬೇಸಿಗೆ ಕಲಿತಿದ್ದರಂತೆ. ಅಲ್ಲಿ ದಣಿದರೆ ನಿಲ್ಲಬಹುದಿತ್ತು. ಅವರು ಕೈ ಬಡಿಯುತ್ತಾ ಹೋಗಿ, ಕನ್ನಡಕವಿಲ್ಲದ ಕಣ್ಣಿಗೆ ಏನು ಕಂಡಿತೋ, ಅವಳ ಜಡೆ ಹಿಡಿದು ಎಳೆದು, ಬೆನ್ನಿಗೆ ಕೈ ಕೊಟ್ಟು ರಸ್ತೆಯ ಕಡೆಗೆ ತಳ್ಳಿದರು. ನಾನು ಉಟ್ಟಿದ್ದ ಸೀರೆ ಬಿಚ್ಚಿ, ಅದರ ತುದಿಯನ್ನು ಎಸೆದೆ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಅಕ್ಕ ಹಿಡಿದಳು. ಎಳೆದೆ. ಅವಳ ಮೊಣಕಾಲು ರಸ್ತೆಯ ಕಲ್ಲಿಗೆ ತಗುಲಿತು, ನಾಲ್ಕು ಕಾಲಿನಲ್ಲಿ ತೆವಳಿಕೊಂಡು ಮೇಲೆ ಬಂದು ನೀರು ಕಕ್ಕಿದಳು. ನಾನು ತಲೆಯೆತ್ತಿ ಸೀರೆಯನ್ನು ಮತ್ತೆ ಎಸೆಯಲು ಕೈ ಎತ್ತಿದೆ. ಎಸೆಯಲು ಅಲ್ಲಿ ಯಾರೂ ಇರಲಿಲ್ಲ.

ನೀರು ಮೊದಲಿನಂತೆಯೇ ಸುಮ್ಮನಾಗಿತ್ತು. ಗಾಳಿ ನಿಂತಿತ್ತು. ಮೊರ ಆಗ ಹೋಗುತ್ತಿತ್ತು, ನೆಟ್ಟಗೆ, ನಡುನೀರಿನ ಕಡೆಗೆ.

ಹಸು ಮೇಯಿಸುತ್ತಿದ್ದಾತ ಓಡಿ ಬಂದ, ನನ್ನನ್ನು ನೋಡಿ ತನ್ನ ಟವಲು ಕೊಟ್ಟು, ಮುಖ ತಿರುಗಿಸಿಕೊಂಡು ಮೀನು ಹಿಡಿಯುವವರನ್ನು ಕರೆಯಲು ಓಡಿದ. ಫೋನಿಗೆ ಸಿಗ್ನಲ್ ಇರಲಿಲ್ಲ. ಅವರು ತೆಪ್ಪ ತಂದು, ಕೊಕ್ಕೆ ಬಿಟ್ಟು ಹುಡುಕುವಷ್ಟರಲ್ಲಿ ಬೆಟ್ಟದ ನೆರಳು ದಡದವರೆಗೂ ಬಂದಿತ್ತು. ಅಕ್ಕ ಒದ್ದೆ ಸೀರೆಯಲ್ಲೇ ಕೂತು, ಅವರು ಆಚೆ ದಡದಲ್ಲಿ ಎದ್ದಿರಬಹುದು, ಕನ್ನಡಕ ಇಲ್ಲ, ದಾರಿ ಕಾಣ್ತಿರಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಭಾವನನ್ನು ಮೇಲೆತ್ತಿದಾಗ ಟೆಸ್ಟರ್ ಜೇಬಿನಲ್ಲೇ ಇತ್ತು.

ಇಲ್ಲಿ ಹಳ್ಳ ಬರುತ್ತದೆ, ರಸ್ತೆಗೆ ಒಂದು ಸೇತುವೆ ಇತ್ತು, ಅದು ಬಿದ್ದು ಬಹಳ ಕಾಲವಾಯಿತು ಎಂದು ತೆಪ್ಪದವರಲ್ಲಿ ಒಬ್ಬರು ಪೊಲೀಸರಿಗೆ ಹೇಳುತ್ತಿದ್ದರು. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಮ್ಮ ಕಾಲು ಇಳಿಬಿಟ್ಟು ಕೂರುತ್ತಿದ್ದ ಸೇತುವೆ. ನಮಗೆ ಅದು ಕೂರುವ ಜಾಗವಾಗಿತ್ತು, ಕಥೆಯಾಗಿತ್ತು. ಅದರ ಕೆಳಗೆ ಒಂದು ಹಳ್ಳ ಇರಲೇಬೇಕೆಂದು ನಾವು ಎಂದೂ ಯೋಚಿಸಿರಲಿಲ್ಲ.

ಈ ಒಂದು ವರ್ಷದಲ್ಲಿ ಆ ಮಧ್ಯಾಹ್ನವನ್ನು ನಾನು ಎಷ್ಟು ಸಲ ಮೊದಲಿನಿಂದ ನೋಡಿದ್ದೇನೋ. ಮೆಟ್ರೋ ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹಿಂದೆ ನಿಂತಾಗ, ಬ್ಯಾಂಕಿನಲ್ಲಿ ಎದುರಿಗಿದ್ದವರು ಪೆನ್ನು ಚಾಚಿದಾಗ, ಬಕೆಟ್ಟು ತುಂಬಿ ನೀರು ಚೆಲ್ಲುವಾಗ. ಪ್ರತಿ ಸಲವೂ ನನ್ನ ಬಲಗೈ ತೆರೆದುಕೊಳ್ಳುತ್ತದೆ. ಅಂಗೈಯಲ್ಲಿ ಕನ್ನಡಕ ಬೆಚ್ಚಗಿದೆ. ಪ್ರತಿ ಸಲವೂ ಅದನ್ನು ನೀರಿಗೆ ಬಿಸಾಡಿ ಅವರ ಅಂಗಿ ಹಿಡಿದುಕೊಳ್ಳಬೇಕೆಂದು ನೋಡುತ್ತೇನೆ. ಅಂಗಿ ಹಿಡಿದರೆ ಅಕ್ಕ ಹೋಗುತ್ತಾಳೆ. ಅಲ್ಲಿಗೆ ಬಂದು ನಿಲ್ಲುತ್ತದೆ.

ಮೂಡಲಪಾಳ್ಯದ ಮನೆಯಲ್ಲಿ ಕಾರ್ಯದ ದಿನ ಸೋದರತ್ತೆಯೊಬ್ಬರು ಅಡಿಗೆಮನೆಯಲ್ಲಿ, ಅಕ್ಕನಿಗೆ ಕೇಳುವಷ್ಟು ಜೋರಾಗಿ, “ನೀರಿಗೆ ಬಾಗಿನ ಕೊಡಕ್ಕೆ ಹೋಗಿ, ಬಾಗಿನ ತಗೊಳೋ ಭಾಗ್ಯನೇ ಕಳ್ಕೊಂಡ್ಲು,” ಎಂದರು. ಅವರು ಹೇಳಿದ್ದು ನಮ್ಮ ಕಡೆಯ ಪದ್ಧತಿಯನ್ನೇ. ಗಂಡ ಇಲ್ಲದವಳಿಗೆ ಬಾಗಿನ ಕೊಡುವುದಿಲ್ಲ.

ಈ ವರ್ಷ ಹಬ್ಬಕ್ಕೆ ಮೊದಲು ವಿಜಯನಗರದ ಮಾರುಕಟ್ಟೆಗೆ ಹೋದೆ. ಬೀದಿಯ ಎರಡೂ ಬದಿಗೆ ಮೊರಗಳನ್ನು ಪೇರಿಸಿಟ್ಟಿದ್ದರು. ಮೊರ ಮಾರುವಾಕೆ, ಯಾರ್ ಯಾರಿಗೆ ಕೊಡ್ಬೇಕು ಲೆಕ್ಕ ಹೇಳಕ್ಕ, ಆರಿಸ್ ಕೊಡ್ತೀನಿ ಎಂದಳು. ಓರಗಿತ್ತಿಗೆ, ನಾದಿನಿಗೆ, ಎಂದೆ. ಆಮೇಲೆ, ಅಕ್ಕನಿಗೆ ಎಂದುಬಿಟ್ಟೆ. ಚಿಕ್ಕಂದಿನಿಂದ ಹಾಗೆಯೇ ಹೇಳಿ ಅಭ್ಯಾಸ. ತೆಗೆದುಕೊಂಡ ಮೇಲೆ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಯಾವುದನ್ನೂ ಬಿಡದೆ ತುಂಬಿದೆ. ಬಳೆಯನ್ನೂ ಕುಂಕುಮವನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತು, ಕೊನೆಗೆ ಅವನ್ನೂ ಇಟ್ಟೆ.

ಹಬ್ಬದ ದಿನ ಅಕ್ಕ ಬಾಗಿಲು ತೆಗೆದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹಾಲಿನಲ್ಲಿ ಟಿವಿಯ ಮೇಲೆ ಭಾವನ ಕನ್ನಡಕ ಮಡಚಿ ಇಟ್ಟಿತ್ತು, ಗಾಜು ಒರೆಸಿತ್ತು. ನಾವು ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತೆವು.

“ಬಳೆ, ಕುಂಕುಮ ತೆಗೆದಿಟ್ಟು ತಂದ್ಯಾ?”

“ಇಲ್ಲ. ಎಲ್ಲ ಇದೆ.”

ಅವಳು ದಾರ ಬಿಚ್ಚಿದಳು. ಅಕ್ಕಿಯನ್ನು ಅಕ್ಕಿ ಡಬ್ಬಕ್ಕೆ ಸುರಿದಳು, ಬೇಳೆಯನ್ನು ಬೇಳೆ ಡಬ್ಬಕ್ಕೆ. ಬೆಲ್ಲದ ಅಚ್ಚಿನ ಒಂದು ಮೂಲೆ ಮುರಿದು ನನ್ನ ಕೈಗೆ ಕೊಟ್ಟು, ಇನ್ನೊಂದು ಚೂರನ್ನು ತಾನು ಬಾಯಿಗೆ ಹಾಕಿಕೊಂಡಳು. ರವಿಕೆ ಕಣವನ್ನು ಬಿಡಿಸಿ ಬಣ್ಣ ನೋಡಿ ಮಡಚಿದಳು. ಹಸಿರು ಬಳೆಗಳನ್ನು ಒಂದೊಂದಾಗಿ ಬೆರಳಿಗೆ ಪೋಣಿಸಿಕೊಂಡಳು, ಮಣಿಕಟ್ಟಿನವರೆಗೆ ತರಲಿಲ್ಲ. ಹಾಗೆಯೇ ತೆಗೆದು ಕುಂಕುಮದ ಪೊಟ್ಟಣದ ಜೊತೆ ದೇವರ ಗೂಡಿನಲ್ಲಿಟ್ಟಳು. ಖಾಲಿಯಾದ ಎರಡು ಮೊರ ಮಾತ್ರ ನಮ್ಮ ನಡುವೆ ಉಳಿದವು. ಅವಳು ಅವುಗಳ ಕಡೆ ನೋಡುತ್ತಲೇ ಇರಲಿಲ್ಲ.

“ಇವನ್ನ ನೀನ್ ವಾಪಸ್ ತಗೊಂಡ್ಹೋಗೇ. ಮನೇಲಿ ಇದ್ರೆ ನನಗೆ ನಿದ್ದೆ ಬರಲ್ಲ.”

ಕೊಟ್ಟ ಬಾಗಿನ ವಾಪಸ್ ಬರಬಾರದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆಯ್ತು ಎಂದೆ.

ಆಟೋ ಹಿಡಿಯಲಿಲ್ಲ, ಮೂಡಲಪಾಳ್ಯದಿಂದ ಅತ್ತಿಗುಪ್ಪೆಗೆ ನಡೆದೇ ಬಂದೆ. ಹೊಸ ಸೀರೆ ಉಟ್ಟ ಹೆಂಗಸರು ಕಟ್ಟಿದ ಮೊರಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರಿನಿಂದ ಬರುತ್ತಿದ್ದರು. ನನ್ನ ಕಂಕುಳಲ್ಲಿದ್ದ ಖಾಲಿ ಮೊರಗಳನ್ನು ನೋಡಿ ಒಬ್ಬಿಬ್ಬರು ತಿರುಗಿ ನೋಡಿದರು. ಮನೆಯಲ್ಲಿ ಅಪ್ಪ ಬಾಗಿಲ ಹಿಂದಿನ ಮೊಳೆಯಿಂದ ಕೊಡೆ ತೆಗೆದು ಜಾಗ ಮಾಡಿಕೊಟ್ಟರು.

ಸಂಜೆ ಅಕ್ಕ ಫೋನ್ ಮಾಡಿದಳು. ತಲುಪಿದೆಯಾ, ಅಪ್ಪ ಊಟ ಮಾಡಿದರಾ ಎಂದು ಕೇಳಿದಳು.

“ಮೊರ ಎಲ್ಲಿಟ್ಟೆ?”

“ಇಲ್ಲೇ, ಬಾಗಿಲ ಹಿಂದೆ.”

“ನೀರಿಗೆ ಬಿಡ್ಬೇಡ ಕಣೇ.”

“ಇಲ್ಲ ಅಕ್ಕ.”