ಮಿಸಿಸಿಪ್ಪಿಯ ಹಳದಿ ಹೂವು

ಯಾವ ಊರಿನ ಬಿಲ್ಲೆ ಹೊಲಿಯಬೇಕೋ ಆ ಊರನ್ನು ಬಾಯಿಪಾಠ ಮಾಡದೆ ರಶೀದ್ ಮಾಸ್ತರು ಸೂಜಿ ಮುಟ್ಟುತ್ತಿರಲಿಲ್ಲ. ಅಂಗಿಯ ಕಾಲರಿಗೆ ಎಂಟು ಹತ್ತು ಸೂಜಿ ಸಿಕ್ಕಿಸಿಕೊಂಡು, ಒಂದೊಂದರಲ್ಲೂ ಒಂದೊಂದು ಬಣ್ಣದ ದಾರ ಇಳಿಬಿಟ್ಟುಕೊಂಡು, ಸ್ಟೂಲಿನ ಮೇಲೆ ಕೂತು ಕಂಡರಿಯದ ದೇಶದ ನದಿ, ಬೆಟ್ಟ, ಜನಸಂಖ್ಯೆ ಹೇಳುತ್ತಿದ್ದರು. ಕತ್ತು ತಿರುಗಿಸಿದರೆ ದಾರಗಳೂ ಗಡ್ಡವೂ ಒಟ್ಟಿಗೆ ಅಲ್ಲಾಡುತ್ತಿದ್ದವು.

ಆರ್.ಟಿ. ನಗರದ ಒಂದು ಮನೆಯ ಮೂರನೇ ಮಹಡಿಯಲ್ಲಿ ನಮ್ಮ ಕಸೂತಿ ಕೆಲಸ. ಕೋಟಿಗೆ, ಟೋಪಿಗೆ ಹಚ್ಚುವ ಬಟ್ಟೆಯ ಬಿಲ್ಲೆಗಳನ್ನು ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಮಾಸ್ತರು ಅಲ್ಲಿ ಹತ್ತೊಂಬತ್ತು ವರ್ಷ ಇದ್ದವರು. ನಾನು ಕೆಂಪಾಪುರದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ನಾನು ಓದಿದ್ದು ಎರಡನೇ ಕ್ಲಾಸು, ಅವರು ಐದು. ಅವರ ಮಗಳು ಫೋನು ನೋಡಿ ಓದಿ ಹೇಳಿದ್ದನ್ನು ಅವರು ಚೀಟಿಯಲ್ಲಿ ಉರ್ದುವಿನಲ್ಲಿ ಬರೆದು ತಂದು ಟೀ ಹೊತ್ತಿಗೆ ನಮಗೆ ಒಪ್ಪಿಸುತ್ತಿದ್ದರು.

“ಅದೆಲ್ಲ ತಿಳ್ಕಂಡು ಏನ್ ಮಾಡ್ಬೇಕು ಸಾಬ್ರೆ? ದಾರ ಎಳ್ಯಾಕೆ ಕೈಬೆರಳಿದ್ರೆ ಸಾಕು,” ಅನ್ನುತ್ತಿದ್ದೆ.

“ಅಕ್ಕಾ, ಇದು ಅವರ ನಿಶಾನಿ. ಎದೆ ಮೇಲೆ ಹಾಕ್ಕೋತಾರೆ. ಗೊತ್ತಿಲ್ದೆ ಹೊಲಿದ್ರೆ ಒಬ್ಬರನ್ನ ಇನ್ನೊಬ್ಬರ ಹೆಸರಿಂದ ಕರ್ದಂಗೆ.”

ಹೀಗಿರುವಾಗ ಮಿಸಿಸಿಪ್ಪಿಯ ಆರ್ಡರ್ ಬಂತು. ಅಮೆರಿಕದ ದಕ್ಷಿಣದಲ್ಲಿರುವ ರಾಜ್ಯ. ಪಡುವಣಕ್ಕೆ ಅದೇ ಹೆಸರಿನ ದೊಡ್ಡ ಹೊಳೆ, ಕೆಳಗೆ ಒಂದಿಷ್ಟು ಸಮುದ್ರ, ರಾಜಧಾನಿ ಜಾಕ್ಸನ್. ಸೆಕೆ ಜಾಸ್ತಿ, ಹತ್ತಿ ಬೆಳೆಯುತ್ತಾರೆ. ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಇಷ್ಟೂ ಮಾಸ್ತರು ಹೇಳಿದ್ದು, ನಾನು ಇನ್ನೂ ಮರೆತಿಲ್ಲ.

“ಇಡೀ ರಾಜ್ಯಕ್ಕೆ ಜನ ಮೂವತ್ತು ಲಕ್ಷ,” ಅಂದರು.

“ಅಷ್ಟೇಯಾ? ಎಬ್ಬಾಳದ ಫ್ಲೈಓವರ್ ಮ್ಯಾಲೆ ಬೆಳಿಗ್ಗೆ ಅಷ್ಟು ಜನ ನಿಂತಿರ್ತಾರೆ,” ಅಂದೆ.

“ಬೆಟ್ಟಾನೂ ಹಂಗೇ. ಅವರ ದೊಡ್ಡ ಬೆಟ್ಟದ ತುದಿಗಿಂತ ನಿಮ್ಮ ಕೆಂಪಾಪುರದ ಮೋರಿ ಎತ್ತರದಲ್ಲಿದೆ ಅಕ್ಕಾ.”

ಹೆಂಗಸರೆಲ್ಲ ನಕ್ಕರು. ನನಗೆ ಮೋರಿಯ ಮಾತು ಹಿಡಿಸಲಿಲ್ಲ.

ಆ ರಾಜ್ಯದ ಬಾವುಟವೇ ಬಿಲ್ಲೆ. ನೀಲಿಯ ಮೇಲೆ ಒಂದು ದೊಡ್ಡ ಬಿಳಿ ಹೂವು, ಸುತ್ತ ನಕ್ಷತ್ರ. ನಕ್ಷತ್ರ ಮೆಷಿನ್ನಿನಲ್ಲಿ ಆಗುತ್ತದೆ, ಹೂವಿನ ದಳ ಮಾತ್ರ ಕೈಕೆಲಸ. ಹೂವಿನ ಹೆಸರು ಮ್ಯಾಗ್ನೋಲಿಯ. “ನಮ್ಮ ಸಂಪಿಗೆ ಜಾತಿದೇ. ಸಂಪಿಗೆಯ ದೊಡ್ಡಕ್ಕ ಅಂದ್ಕೊಳ್ಳಿ,” ಅಂದರು ಮಾಸ್ತರು. ಅಷ್ಟರಲ್ಲಿ ಮಾಕಳಿಯಲ್ಲಿದ್ದ ಅವರ ತಂಗಿ ತೀರಿಕೊಂಡ ಸುದ್ದಿ ಬಂತು. ಹೊರಡುವಾಗ ಕೆಲಸ ನನಗೆ ವಹಿಸಿದರು. “ದಳ ಬಿಳಿ ಅಕ್ಕಾ. ಮಾದರಿ ಬೋರ್ಡಿಗೆ ಚುಚ್ಚಿದೀನಿ.”

ನಾಲ್ಕು ದಿನ ಅವರು ಬರಲಿಲ್ಲ. ಬಿಳಿ ದಾರ ಬೇಕಾದಷ್ಟಿತ್ತು. ಆದರೂ ನಾನು ಹಳದಿ ದಾರ ಹಾಕಿಸಿದೆ. ನಮ್ಮ ಮನೆ ಮುಂದೆ ಸಂಪಿಗೆ ಮರವಿದೆ. ಹುಟ್ಟಿದಾಗಿನಿಂದ ಮುಡಿದ ಹೂವಿನ ಬಣ್ಣ ಈ ಮನುಷ್ಯ ಚೀಟಿ ನೋಡಿ ನನಗೆ ಹೇಳಬೇಕೇ ಅನ್ನಿಸಿತು. ಬಂದು ನೋಡಿ ಬೆರಗಾಗಲಿ ಅಂತಲೂ ಇತ್ತು.

ಪಕ್ಕದಲ್ಲಿ ಕೂರುವ ಮಂಗಳಾ, “ಅಜ್ಜಿ, ಬೋರ್ಡಲ್ಲಿ ಬಿಳಿ ಇದೆ. ಬಿಳಿ ಸಂಪಿಗೆನೂ ಇರ್ತದಲ್ವಾ?” ಅಂದಳು.

“ನೀನ್ ಸುಮ್ಕೆ ಒಲಿ. ಬಿಳಿ ಸಂಪ್ಗೆನ ಯಾರ್ ಮುಡೀತಾರೆ?” ಅಂದೆ.

ಇನ್ನೂರು ಬಿಲ್ಲೆ. ಚೆನ್ನಾಗಿಯೇ ಬಂದವು. ಮಾಸ್ತರು ಬರುವ ಮುಂಚೆಯೇ ಓನರು ಎಣಿಕೆ ಮಾತ್ರ ನೋಡಿ ಪ್ಯಾಕ್ ಮಾಡಿಸಿ ಕಳಿಸಿದ. ಮಾಸ್ತರು ಬಂದ ಮೇಲೆ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಮೂರು ವಾರಕ್ಕೆ ಅಲ್ಲಿಂದ ಫೋಟೋ ಬಂತು, ಮಾಲು ಬೇಡ ಅಂತ. ಓನರು ಫೋನು ಹಿಡಿದುಕೊಂಡು ಮೇಲೆ ಹತ್ತಿ ಬಂದ. “ಯಾರ್ರೀ ಹಳದಿ ಹಾಕಿದ್ದು?”

ಮಾಸ್ತರು ಫೋಟೋ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಮಂಗಳಾ ತಲೆ ತಗ್ಗಿಸಿದಳು.

“ಮಾಸ್ತರು ಸಂಪಿಗೆ ಅಂದ್ರು. ಸಂಪಿಗೆ ಬಣ್ಣ ಆಕಿದೀವಿ,” ಅಂದೆ.

ಕೆಲಸ ಹೋದರೆ ಉಪವಾಸ ಬೀಳುತ್ತಿದ್ದೆ ಅಂತ ಹೇಳಿದರೆ ಸುಳ್ಳು. ಮನೆ ಹಿಂದಿನ ಎರಡು ಕೋಣೆಯ ಬಾಡಿಗೆಯಲ್ಲಿ ನನ್ನ ಊಟ ನಡೆಯುತ್ತಿತ್ತು. ಅಷ್ಟು ಹೆಂಗಸರ ಮುಂದೆ ತಪ್ಪು ಒಪ್ಪಿಕೊಳ್ಳಲು ಆಗಲಿಲ್ಲ, ಅಷ್ಟೇ.

ನಾನು ಇನ್ನೇನಾದರೂ ಹೇಳುತ್ತೇನೋ ಅಂತ ಮಾಸ್ತರು ಕಾದರು ಅಂತ ಈಗ ತಿಳಿಯುತ್ತದೆ. ಆಮೇಲೆ, “ಹೌದು, ಸಂಪಿಗೆ ಅಂದಿದ್ದು ನಾನೇ,” ಅಂದರು. ಓನರು ಬೈದು, ನಾಳೆಯಿಂದ ಬರಬೇಡಿ ಅಂದ. ಸಂಜೆ ಅವರು ಕಾಲರಿನ ಸೂಜಿಗಳನ್ನು ಒಂದೊಂದೇ ತೆಗೆದು ಸೂಜಿದಿಂಬಿಗೆ ಚುಚ್ಚಿ ಇಳಿದು ಹೋದರು. ಮಾರನೆಯ ದಿನ ಓನರು ನನ್ನನ್ನು ಅವರ ಸ್ಟೂಲಿನ ಮೇಲೆ ಕೂರಿಸಿದ. ಕೂತೆ.

ವರ್ಷದ ಮೇಲೆ ಅವರನ್ನು ಹುಡುಕಿಕೊಂಡು ಟಿ. ದಾಸರಹಳ್ಳಿಗೆ ಹೋದೆ. ಒಂದು ಟೈಲರ್ ಅಂಗಡಿಯ ಮೂಲೆಯಲ್ಲಿ ಸ್ಕೂಲ್ ಮಕ್ಕಳ ಅಂಗಿಯ ಜೇಬಿಗೆ ಬಿಲ್ಲೆ ಹಚ್ಚುತ್ತಿದ್ದರು. ಕಾಲರಿನಲ್ಲಿ ಒಂದೇ ಸೂಜಿ.

“ಬನ್ನಿ ಅಕ್ಕಾ. ಈ ಸ್ಕೂಲಲ್ಲಿ ಎಷ್ಟು ಮಕ್ಕಳು ಗೊತ್ತಾ?” ಅಂತಲೇ ಶುರು ಮಾಡಿದರು. ಟೀ ತರಿಸಿದರು. “ಈಗ ಯಾವ ಊರು ಹೊಲಿತಿದೀರಿ?”

“ಗೊತ್ತಿಲ್ಲ. ಒಂದು ಅಕ್ಕಿ ಐತೆ. ನೀಲಿ ಅಕ್ಕಿ.”

“ಕೇಳ್ಕೊಳ್ಳಿ ಅಕ್ಕಾ, ಯಾವ ಹಕ್ಕಿ ಅಂತ.”

ಟೀ ಆರಿತು. “ಸಾಬ್ರೆ, ಆ ಅಳದಿ ನಂದು. ಬೇಕಂತ್ಲೇ ಆಕ್ಸಿದ್ದು,” ಅಂದೆ.

“ಗೊತ್ತು. ಇಲ್ಲಿ ನನಗೆ ಹೇಳಿ ಏನ್ ಬಂತು? ಅಲ್ಲಿ ಹೇಳ್ಬೇಕಾಗಿತ್ತು.” ದಾರ ಕಚ್ಚಿ ತುಂಡು ಮಾಡಿದರು. “ಕೆಲಸ ಹೋಯ್ತು ಅಂತಲ್ಲ. ಎಲ್ಲಿ ಕೇಳೋಕೆ ಹೋದ್ರೂ, ಬಿಳಿ ಹಳದಿ ಗೊತ್ತಿಲ್ದಿರೋ ರಶೀದ್ ನೀನೇನಾ ಅಂತಾರೆ. ಅದು.”

“ಸೋಮವಾರ ಓನರ್‌ಗೆ ಯೋಳ್ತೀನಿ,” ಅಂದೆ.

“ಹೇಳಿ,” ಅಂದರು, ಬಾಗಿಲವರೆಗೂ ಬಂದರು.

ಸೋಮವಾರ ಹೇಳಲಿಲ್ಲ. ಓನರ ಮನೆಯಲ್ಲಿ ಏನೋ ಕಾರ್ಯವಿತ್ತು. ಅದರ ಮುಂದಿನ ಸೋಮವಾರಕ್ಕೆ ನೆಪವೂ ಇರಲಿಲ್ಲ. ಹಾಗೇ ರಂಜಾನ್ ಬಂದು ಹೋಯಿತು. ಹಬ್ಬವಾದ ಹದಿನೈದು ದಿನಕ್ಕೆ ಮಾಸ್ತರು ತೀರಿಹೋದರು ಅಂತ ಮಂಗಳಾ ಹೇಳಿದಳು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಅವಳು ಮಾತ್ರವಲ್ಲ, ಇವತ್ತಿಗೂ ನಾನು ಒಂದು ಬಣ್ಣ ಹೇಳಿದರೆ ಅಲ್ಲಿನ ಹೆಂಗಸರೆಲ್ಲ ಒಮ್ಮೆ ಬೋರ್ಡು ನೋಡಿಯೇ ದಾರ ಪೋಣಿಸುತ್ತಾರೆ.

ಸುದ್ದಿ ಕೇಳಿದ ಅವತ್ತೇ ಎದ್ದು ಓನರ ಹತ್ತಿರ ಹೋಗಿ ಎಲ್ಲರ ಮುಂದೆ ಹೇಳಿದೆ. ಹಳದಿ ನಾನು ಹಾಕಿಸಿದ್ದು, ಮಾಸ್ತರು ಬಿಳಿ ಅಂತಲೇ ಹೇಳಿ ಹೋಗಿದ್ದರು, ಅವರಿಗೆ ಎಲ್ಲ ಬಣ್ಣವೂ ಗೊತ್ತಿತ್ತು ಅಂತ.

“ಈಗ್ಯಾಕಜ್ಜಿ ಅದು? ಅವರೇ ಇಲ್ವಲ್ಲ,” ಅಂದು ಅವನು ಫೋನು ನೋಡತೊಡಗಿದ.

ವಾಪಸು ಬಂದು ಸ್ಟೂಲಿನ ಮೇಲೆ ಕೂತೆ. ಯಾರೂ ಏಳು ಅನ್ನಲಿಲ್ಲ. ನಾನೂ ಏಳಲಿಲ್ಲ.