ರಟ್ಟೆಯಿಂದ ಬೆವರೊರೆಸಿಕೊಂಡಾಕೆ

ಹೈಸ್ಕೂಲಿನ ಚಿತ್ರಕಲಾ ಶಿಕ್ಷಕರೆಂದರೆ ಗಣಿತದ ಮಾಸ್ತರರು ರಜೆ ಹಾಕಿದ ದಿನ ತರಗತಿಯ ಗದ್ದಲ ಅಡಗಿಸುವವರು, ಆಗಸ್ಟ್ ಹದಿನೈದಕ್ಕೆ ಬಟ್ಟೆಯ ಮೇಲೆ ಸುಸ್ವಾಗತ ಬರೆಯುವವರು ಎಂಬ ತಿಳಿವಳಿಕೆ ನಮ್ಮ ಸೀಮೆಯಲ್ಲಿ ಬೇರೂರಿದ್ದ ಕಾಲದಲ್ಲಿ, ಚಿತ್ರ ಬರೆಯುವುದನ್ನಷ್ಟೇ ಅಲ್ಲದೆ ಚಿತ್ರ ನೋಡುವುದನ್ನೂ ಒಂದು ವಿದ್ಯೆಯೆಂದು ಕಲಿಸಿದವರು ಪೂಜ್ಯ ಗುರುಗಳಾದ ಶ್ರೀ ಶಂಭುಲಿಂಗ ಅಗಡಿಯವರು. ರಾಣೇಬೆನ್ನೂರಿನಲ್ಲಿ ಹದಿಮೂರು, ಬ್ಯಾಡಗಿಯಲ್ಲಿ ಹದಿನಾಲ್ಕು, ಹಾವೇರಿಯಲ್ಲಿ ನಾಲ್ಕು, ಹೀಗೆ ಮೂವತ್ತೊಂದು ವರ್ಷ ಮೂರು ಊರುಗಳ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟ ಅವರು ಈ ಮೇ ತಿಂಗಳಲ್ಲಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಸರ್ ಅವರ ಕಲಾಸಾಧನೆಯ ಕುರಿತು ಬರೆಯಬೇಕೆಂದು ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ಹೇಳಿದ್ದಾರೆ. ಅಷ್ಟು ಓದಿಕೊಂಡವಳು ನಾನಲ್ಲ. ರಾಣೇಬೆನ್ನೂರಿನ ಒಂದು ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿ ಸೇರಿ ಇನ್ನೂ ವರ್ಷ ತುಂಬಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಅವರ ಒಂದೇ ಒಂದು ಚಿತ್ರದ ಕಥೆ. ಅದನ್ನು ಹೇಳಹೊರಟರೆ ಜೊತೆಗೆ ನನ್ನದೊಂದು ತಪ್ಪನ್ನೂ ಹೇಳಬೇಕಾಗುತ್ತದೆ, ಮತ್ತು ಅದನ್ನು ನಾನು ಇವತ್ತಿನವರೆಗೆ ಯಾರೆದುರೂ ಬಾಯಿಬಿಟ್ಟಿಲ್ಲ.

ನಾನು ಬ್ಯಾಡಗಿಯಲ್ಲಿ ಅವರ ಕೈಗೆ ಸಿಕ್ಕಿದ್ದು ಎಂಟನೆಯ ತರಗತಿಯಲ್ಲಿ. ತಮ್ಮೂರಾದ ಅಗಡಿಯಿಂದ ಹಾವೇರಿಗೊಂದು, ಅಲ್ಲಿಂದ ಬ್ಯಾಡಗಿಗೊಂದು ಬಸ್ಸು ಹಿಡಿದು ಬರುತ್ತಿದ್ದ ಸರ್, ಪ್ರಾರ್ಥನೆಗೆ ತಡವಾಗಿ ಬಂದರೂ ಪಾಠಕ್ಕೆ ಒಮ್ಮೆಯೂ ತಡಮಾಡಿದವರಲ್ಲ. ಅವರ ತರಗತಿಯಲ್ಲಿ ಒಂದೇ ಒಂದು ಕಟ್ಟಳೆಯಿತ್ತು. ಯಾರ ಚಿತ್ರವನ್ನಾದರೂ ನೋಡಿ "ಚಂದ ಐತಿ" ಎನ್ನುವಂತಿರಲಿಲ್ಲ. ಅಂದವರು ಆ ಚಿತ್ರದ ಮುಂದೆ ಹತ್ತು ನಿಮಿಷ ನಿಂತು, ತಮಗೆ ಅಲ್ಲಿ ಏನು ಕಂಡಿತು ಎಂಬುದನ್ನು ಹೇಳಿಯೇ ಕೂರಬೇಕಿತ್ತು. "ಚಂದ ಐತಿ ಅನ್ನೂದು ಬಂದವರ ಮಾರಿ ಮ್ಯಾಲೆ ಬಾಗಲಾ ಹಾಕಿದಂಗ. ಬರದಾಂವ ಏನೋ ಹೇಳಾಕ ಬಂದಿರ್ತಾನ, ಒಳಗ ಕರದು ಕೇಳ್ರಿ" ಎನ್ನುತ್ತಿದ್ದರು. ರಾಣೇಬೆನ್ನೂರಿನ ಅವರ ಹಳೆಯ ವಿದ್ಯಾರ್ಥಿಗಳೂ ಈ ಮಾತನ್ನು ನೆನೆಯುವುದನ್ನು ಕೇಳಿದ್ದೇನೆ. ಒಬ್ಬರಂತೂ ಮದುವೆಗೆ ಹೆಣ್ಣು ನೋಡಲು ಹೋದಲ್ಲಿಯೂ "ಚಂದ ಐತಿ" ಎನ್ನಲು ಹೆದರಿದರಂತೆ.

ನಾನು ಒಂಬತ್ತನೆಯ ತರಗತಿಗೆ ಬಂದ ವರ್ಷ, ಅಂದರೆ 2001ರಲ್ಲಿ, ಸರ್ ಒಂದು ದೊಡ್ಡ ತೈಲಚಿತ್ರಕ್ಕೆ ಕೈಹಾಕಿದರು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುವ ಹೆಂಗಸರ ಚಿತ್ರವದು. ಐದು ತಿಂಗಳ ದುಡಿಮೆ. ಹಾವೇರಿಯಲ್ಲಿ ನಡೆಯಲಿದ್ದ ಜಿಲ್ಲಾ ಕಲಾಪ್ರದರ್ಶನಕ್ಕೆ ಅದನ್ನು ಕಳಿಸುವುದೆಂದು ಗೊತ್ತಾಗಿತ್ತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳ ಚಿತ್ರಗಳನ್ನೇ ಕಳಿಸುತ್ತ ಬಂದವರು ತಮ್ಮದೊಂದನ್ನು ಕಳಿಸಲು ಮನಸ್ಸು ಮಾಡಿದ್ದು ಅದೇ ಮೊದಲು. ಕಳಿಸಲು ಮೂರು ದಿನವಿರುವಾಗ ಶಾಲೆಯ ಹಾಲಿನಲ್ಲಿ ಅದನ್ನು ನಮಗೆಲ್ಲ ತೋರಿಸಿದರು. ಕೆಂಪು ರಾಶಿಯ ನಡುವೆ ಒಬ್ಬ ಹೆಂಗಸು ಅಂಗೈಯಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಳು. ಹೆಡ್‌ಮಾಸ್ತರರು ಕಟ್ಟಳೆ ಮರೆತು ಚಂದ ಐತಿ ಎಂದೇಬಿಟ್ಟರು.

ಆಗ ಬಾಗಿಲಲ್ಲಿ ನನ್ನ ಅವ್ವ ನಿಂತಿದ್ದಳು. ಅವಳ ಹೆಸರು ಗುಲಾಬಬಿ. ನಾನು ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು, ಮೆಣಸಿನಕಾಯಿ ಕೆಲಸದ ಸೀರೆಯಲ್ಲೇ ಬಂದಿದ್ದಳು. ಅವಳು ಬಂದಲ್ಲಿ ನಾಲ್ಕು ಜನ ಸೀನುತ್ತಿದ್ದರು, ಅಷ್ಟು ಘಾಟು ಆ ಸೀರೆಗೆ. ನಾನೋ, ನಮ್ಮವ್ವ ಮನೆಯಲ್ಲಿ ಹೊಲಿಗೆ ಹಾಕುತ್ತಾಳೆ ಎಂದು ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದವಳು. ಅವಳನ್ನು ಕಂಡದ್ದೇ ತಲೆ ತಗ್ಗಿಸಿ ಕುಳಿತೆ. ಅವಳ ಕಣ್ಣು ಮಾತ್ರ ನನ್ನನ್ನು ಹುಡುಕುವುದು ಬಿಟ್ಟು ಚಿತ್ರದ ಮೇಲೆ ನೆಟ್ಟಿತು. ಡಬ್ಬಿಯನ್ನು ಬಾಗಿಲ ಬಳಿ ಇಟ್ಟು ಸೀದಾ ಚಿತ್ರದ ಹತ್ತಿರ ಹೋದಳು, ಬಹಳ ಹೊತ್ತು ನೋಡಿದಳು.

"ಸರ, ಈಕಿ ಮೆಣಸಿನಕಾಯಿ ಕೆಲಸದಾಕಿ ಅಲ್ರಿ" ಎಂದಳು. "ಕಾಯಿ ಬಿಡಿಸೋ ಕೈಲೆ ಯಾರೂ ಮಾರಿ ಒರಸ್ಕೊಳ್ಳಂಗಿಲ್ಲ. ಕಣ್ಣು ಉರದು ಸಂಜಿತನಕಾ ತೆಗಿಯಾಕ ಬರಂಗಿಲ್ಲ."

ಹಾಲಿನಲ್ಲಿ ನಗೆಯೆದ್ದಿತು. ಸರ್ ನಗಲಿಲ್ಲ. ಮುಂದಕ್ಕೆ ಬಾಗಿ, ಹಂಗಾರ ಹೆಂಗ ಒರಸ್ಕೊಳ್ತೀರಿ ತಾಯಿ ಎಂದು ಕೇಳಿದರು. ಅವ್ವ ಬಲಗೈಯನ್ನು ಮೈಗೆ ತಾಗದಂತೆ ದೂರ ಚಾಚಿ, ರಟ್ಟೆಯನ್ನು ಮೇಲೆತ್ತಿ, ಹಣೆಯನ್ನು ಕುಪ್ಪಸದ ತೋಳಿಗೆ ಒತ್ತಿ ತೋರಿಸಿದಳು. ಮೆಣಸಿನಕಾಯಿಯ ಘಾಟು ತಾಳಲಾರದೆ ಸರ್ ಮಾರುಕಟ್ಟೆಯ ಬಾಗಿಲಲ್ಲೇ ನಿಂತು ಮುಖಗಳನ್ನಷ್ಟೇ ಗುರುತು ಹಾಕಿಕೊಂಡು, ಉಳಿದದ್ದನ್ನು ಮನೆಯಲ್ಲಿ ತಮ್ಮ ಶ್ರೀಮತಿ ನಿರ್ಮಲಾ ಅಮ್ಮನವರನ್ನು ಕೂರಿಸಿಕೊಂಡು ಬರೆದಿದ್ದರು. ನಿರ್ಮಲಾ ಅಮ್ಮನವರು ಅಡುಗೆಮನೆಯಲ್ಲಿ ಹೇಗೆ ಒರೆಸಿಕೊಳ್ಳುತ್ತಾರೋ ಹಾಗೆಯೇ ಒರೆಸಿಕೊಂಡಿದ್ದರು.

ಸರ್ ಹತ್ತಿರವೇ ಕುಳಿತಿದ್ದ ನನ್ನತ್ತ ತಿರುಗಿ, ಇವರು ಯಾರವಾ, ನಿನಗ ಗೊತ್ತೇನು ಎಂದರು.

"ಗೊತ್ತಿಲ್ರಿ ಸರ" ಎಂದೆ.

ಅವ್ವನಿಗೆ ಅದು ಕೇಳಿಸಿತು. ನನ್ನನ್ನು ನೋಡಲಿಲ್ಲ. "ನಾ ಹಾದಿ ತಪ್ಪಿ ಒಳಗ ಬಂದೇನ್ರಿ" ಎಂದು ಸೆರಗು ಹೊದ್ದು ಹೊರಟುಹೋದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಯಾರೋ ಅಂದರು. ಹಾವೇರಿಯವರಿಗೇನು ಗೊತ್ತಾಗುತ್ತದೆ, ಹಾಗೆಯೇ ಕಳಿಸಿ ಎಂದು ಹೆಡ್‌ಮಾಸ್ತರರೂ ಹೇಳಿದರು. ಸರ್ ಚಿತ್ರಕ್ಕೆ ಬಟ್ಟೆ ಮುಚ್ಚಿದರು. ಮಧ್ಯಾಹ್ನದ ಬಿಡುವಿನಲ್ಲಿ, ಬಾಗಿಲ ಬಳಿ ಉಳಿದಿದ್ದ ಡಬ್ಬಿಯನ್ನು ತಾವೇ ಎತ್ತಿಕೊಂಡು ಬಂದು ನನ್ನ ಮುಂದಿಟ್ಟು, "ಉಣ್ಣವಾ, ಆರಿ ಹೊಕ್ಕೈತಿ" ಎಂದಷ್ಟೇ ಹೇಳಿ ಹೋದರು. ಅವರಿಗೆ ಗೊತ್ತಾಗಿದೆಯೆಂದು ನನಗೆ ತಿಳಿಯಿತು. ಅಂದು ಮನೆಗೆ ಹೋದರೆ ಅವ್ವ ಎಂದಿನಂತೆ ಡಬ್ಬಿ ಇಸಿದುಕೊಂಡು ತೊಳೆದಿಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸರ್ ನನ್ನನ್ನು ಕರೆದು ಬುದ್ಧಿ ಹೇಳಬಹುದಿತ್ತು, ತರಗತಿಯಲ್ಲಿ ನಿಲ್ಲಿಸಿ ನಾಚಿಕೆಪಡಿಸಲೂಬಹುದಿತ್ತು. ಅವರು ಮಾಡಿದ್ದು ಬೇರೆ. ಮರುದಿನ ನನ್ನೊಬ್ಬಳನ್ನೇ ಕರೆದು, "ನಿನ್ನೆ ಬಂದಿದ್ದ ತಾಯೀನ್ನ ಹುಡುಕಿ ಕರಕೊಂಡು ಬಾ. ಆಕಿ ಇಲ್ಲದ ಈ ಚಿತ್ರ ಮುಗಿಯಂಗಿಲ್ಲ" ಎಂದರು. ಹುಡುಕುವುದೇನಿತ್ತು? ಆದರೂ ಅವ್ವನೆದುರು ಬಾಯಿ ತೆರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಪ್ರದರ್ಶನಕ್ಕೆ ಕಳಿಸುವ ದಿನ ದಾಟಿಹೋಗಿತ್ತು. ಸರ್ ಒಮ್ಮೆಯೂ ಅವಸರಪಡಿಸಲಿಲ್ಲ. ಐದನೆಯ ದಿನ ರವಿವಾರ, ಖಾಲಿ ಶಾಲೆಗೆ ಅವಳನ್ನು ಕರೆದೊಯ್ದು, "ಈಕಿ ನಮ್ಮವ್ವರಿ ಸರ" ಎಂದೆ.

"ಗೊತ್ತೈತಿ" ಎಂದರು ಸರ್. "ಕುಂದ್ರಿ ತಾಯಿ."

ಅವ್ವ ಕುಳಿತಳು. ಸರ್ ಅವಳ ತೋಳು, ಮೊಣಕೈ, ದೂರ ಹಿಡಿದ ಬೆರಳುಗಳನ್ನು ಮತ್ತೆ ಮತ್ತೆ ಬರೆದರು. ಅದೂ ಸಾಲದೆಂದು ಮುಂದಿನ ಎರಡು ತಿಂಗಳು ಶಾಲೆ ಬಿಟ್ಟ ಮೇಲೆ ಮಾರುಕಟ್ಟೆಯ ಒಳಗೇ ಹೋಗಿ, ಕೆಮ್ಮುತ್ತ ಸೀನುತ್ತ ಹೆಂಗಸರ ನಡುವೆ ಕುಳಿತರು. ಚಿತ್ರ ಮುಗಿದಾಗ ತೋರಿಸಲು ಪ್ರದರ್ಶನವಿರಲಿಲ್ಲ. ಬಸ್ಸಿನವರು ಒಳಗೆ ಹತ್ತಿಸಿಕೊಳ್ಳದಷ್ಟು ದೊಡ್ಡದಾದ ಆ ಚಿತ್ರವನ್ನು ಹಮಾಲಿ ಮಾಡುತ್ತಿದ್ದ ನಮ್ಮಪ್ಪ ಗೂಡುಸಾಬ ಕೈಗಾಡಿಯಲ್ಲಿ ಒಯ್ದು, ಮಾರುಕಟ್ಟೆಯ ತಗಡಿನ ಶೆಡ್ಡಿನ ಕಂಬಕ್ಕೆ ಕಟ್ಟಿದ.

ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಯಾರೂ ಚಂದ ಐತಿ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರಲ್ಲೆಲ್ಲ ಹಿರಿಯಳಾದ ಚೌಡವ್ವ ಚಿತ್ರದ ಹೆಂಗಸನ್ನು ತೋರಿಸಿ ಹೇಳಿದಳು: "ಈಕಿ ಭಾಳ ದಣದಾಳ. ಎಬ್ಬಸ್ರಿ, ಒಂದೀಟು ಚಾ ಕುಡದು ಬರ್ಲಿ."

ಸರ್ ಅವರ ಕಣ್ಣುಗಳು ತುಂಬಿದವು. ರಾಶಿಯ ಮೇಲೆ ಕೈಯೂರಿ ಕುಳಿತಿದ್ದವರು ಅದೇ ಅಂಗೈಯಿಂದ ಕಣ್ಣೊರೆಸಿಕೊಂಡುಬಿಟ್ಟರು. ಮುಂದಿನದನ್ನು ಹೇಳಬೇಕಿಲ್ಲ. ಇಬ್ಬರು ಹಿಡಿದುಕೊಂಡರು, ಅವ್ವ ಕೊಡ ಬಗ್ಗಿಸಿ ನೀರು ಹಾಕಿದಳು. "ಚಿತ್ರದಾಕಿ ಕಲತಳು, ಸರ ಇನ್ನೂ ಕಲೀಲಿಲ್ಲ" ಎಂದು ಅವಳೆಂದಾಗ ಶೆಡ್ಡಿಗೆ ಶೆಡ್ಡೇ ನಕ್ಕಿತು, ಕಣ್ಣುಮುಚ್ಚಿಕೊಂಡೇ ಸರ್ ಕೂಡ ನಕ್ಕರು. ಬರೆದವರು ಹೇಳಿದ್ದು ನೋಡಿದವರಿಗೆ ಮುಟ್ಟುವುದು, ನೋಡಿದವರ ಉತ್ತರ ಬರೆದವರಿಗೆ ಮರಳಿ ಮುಟ್ಟುವುದು, ಇದೇ ಕಲೆ ಎಂದು ಮುಂದೆ ಧಾರವಾಡದ ಕಲಾಶಾಲೆಯಲ್ಲಿ ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಆ ಕಲಾಶಾಲೆಗೆ ನನ್ನನ್ನು ಕಳಿಸಲು ನಮ್ಮಪ್ಪನನ್ನು ಒಪ್ಪಿಸಿದವರೂ ಸರ್ ಅವರೇ. ಹಾವೇರಿಗೆ ವರ್ಗವಾದ ಮೇಲೂ ತಮ್ಮ ಪ್ರತಿಯೊಂದು ಚಿತ್ರವನ್ನು ಮೊದಲು ಬ್ಯಾಡಗಿಗೆ ತಂದು ಅವ್ವನಿಗೆ ತೋರಿಸಿಯೇ ಅವರು ಅದರ ಕೆಳಗೆ ತಮ್ಮ ಹೆಸರು ಬರೆಯುತ್ತಿದ್ದರು.

ಈ ಗ್ರಂಥದ ಮುಖಪುಟಕ್ಕೆ ಸರ್ ಅವರ ಭಾವಚಿತ್ರ ಬರೆಯುವ ಭಾಗ್ಯ ನನ್ನದಾಯಿತು. ಶಾಲು ಹೊದ್ದು, ಬೆನ್ನು ನೆಟ್ಟಗೆ ಮಾಡಿ, ಗಂಭೀರವಾಗಿ ಕುಳಿತ ಗುರುಗಳನ್ನು ಬರೆದೆ. ಸಂಪಾದಕರೆಲ್ಲ ಮೆಚ್ಚಿದರು. ಅವ್ವನಿಗೆ ತೋರಿಸಿದೆ. "ಇವರು ಯಾರೋ ಬ್ಯಾರೆಯವರವಾ. ಸರ ಮುಂದ ಬಾಗಿ ಕುಂದರ್ತಾರ, ಮಂದಿ ಮಾತು ಕೇಳಾಕ" ಎಂದಳು. ಈಗ ಮುಖಪುಟದಲ್ಲಿರುವುದು ಎರಡನೆಯ ಚಿತ್ರ.

ಸರ್, ತಾವು ನೂರು ವರ್ಷ ಬಾಳಬೇಕು, ತಮ್ಮ ಕುಂಚ ಒಣಗದಿರಲಿ, ಆ ಬಾಗಿದ ಬೆನ್ನು ಎಂದೂ ನೆಟ್ಟಗಾಗದಿರಲಿ. ಸಮಾರಂಭದ ದಿನ ನನ್ನ ಚಿತ್ರ ನೋಡಿ ದಯವಿಟ್ಟು ಚಂದ ಐತಿ ಎನ್ನಬೇಡಿರಿ. ಮುಂದಿನ ಸಾಲಿನಲ್ಲಿ ನನ್ನ ಪಕ್ಕ, ಕೆಲಸದ ಸೀರೆಯಲ್ಲೇ ಬರುತ್ತೇನೆಂದು ಹಟ ಹಿಡಿದಿರುವ ಹೆಂಗಸೊಬ್ಬಳು ಕುಳಿತಿರುತ್ತಾಳೆ. ಮೊದಲಿನಂತೆ ನನ್ನತ್ತ ತಿರುಗಿ, ಇವರು ಯಾರವಾ ಎಂದು ಎಲ್ಲರಿಗೂ ಕೇಳಿಸುವಂತೆ ಇನ್ನೊಮ್ಮೆ ಕೇಳಿರಿ, ಸರ್.