ಬಲಕ್ಕೆ ತಿರುಗಿದ ಮುಖ

ನನ್ನ ಭಾವ ರಾಮಲಿಂಗಯ್ಯನವರಿಗೆ ಹಲಗೆ ಕೊರೆಯುವ ಹುಚ್ಚು ಹತ್ತಿಸಿದವರು ಮಾರ್ಟಳ್ಳಿ ಇಗರ್ಜಿಯ ಸಾಮಿಯಾರು. ಅಲ್ಲಿಯ ಪೂಜೆ ಮೇಜಿಗೆಂದು ನೇಯ್ದ ರೇಷ್ಮೆ ಹೊದಿಕೆಯನ್ನು ಕೊಟ್ಟು ಬರಲು ಭಾವ ಹೋಗಿದ್ದರು. ತನ್ನ ದೇಶಕ್ಕೆ ಹೊರಟು ನಿಂತಿದ್ದ ಆ ಮುದುಕ ಪಾದ್ರಿ ಮನೆಯ ಸಾಮಾನನ್ನೆಲ್ಲ ಬಂದವರಿಗೆ ಹಂಚುತ್ತಿದ್ದರಂತೆ. ಉಳಿದವರು ಕುರ್ಚಿ, ಕಂಬಳಿ ಹೊತ್ತುಕೊಂಡು ಹೋದರೆ ನಮ್ಮ ಭಾವ ಒಂದು ವಿಚಿತ್ರವಾದ ಗರಗಸ ಹಿಡಿದುಕೊಂಡು ಕೊಳ್ಳೇಗಾಲಕ್ಕೆ ಬಂದರು. ಕುದುರೆ ಲಾಳವನ್ನು ಎಳೆದು ಉದ್ದ ಮಾಡಿದಂಥ ಕಬ್ಬಿಣದ ಚೌಕಟ್ಟು, ಅದರ ಬಾಯಿಗೆ ಬಿಗಿಯಲು ದಾರದಷ್ಟು ತೆಳ್ಳಗಿನ ಅಲಗು. ನನ್ನ ಅಕ್ಕ ಸುವರ್ಣಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಂಬಳಿ ತರಬಾರದಿತ್ತೇ ಎಂದು ಕೇಳಿದಳು.

ಭಾವ ನೇಕಾರರು. ಮೂರು ತಲೆಮಾರಿನಿಂದ ಅವರ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಬೀದಿಯಲ್ಲಿ ಬಿಡುವಾದಾಗ ಒಬ್ಬರು ಇಸ್ಪೀಟಿಗೆ ಕೂತರೆ ಇನ್ನೊಬ್ಬರು ಭಜನೆಗೆ ಹೋಗುತ್ತಿದ್ದರು. ಇವರು ಮಾತ್ರ ಚಹಾ ಪೆಟ್ಟಿಗೆಯ ತೆಳು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂರತೊಡಗಿದರು. ತೆಳುವಾದ ಕಾಗದದ ಮೇಲೆ ಚಿತ್ರ ಬರೆಯುವುದು, ಅದನ್ನು ಹಲಗೆಗೆ ಮೈದಾ ಅಂಟಿನಿಂದ ಅಂಟಿಸುವುದು, ಒಂದು ತೂತು ಕೊರೆದು ಅಲಗನ್ನು ಅದರೊಳಗೆ ತೂರಿಸಿ ಬಿಗಿಯುವುದು, ಆಮೇಲೆ ಗೆರೆ ಹಿಡಿದು ಕೊಯ್ಯುವುದು. ಗರಗಸ ಇದ್ದಲ್ಲೇ ಮೇಲೆ ಕೆಳಗೆ ಆಡಬೇಕು, ತಿರುಗಬೇಕಾದದ್ದು ಹಲಗೆ. ಇಷ್ಟನ್ನು ಕಲಿಯುವಷ್ಟರಲ್ಲಿ ಸಾಮಿಯಾರು ಕೊಟ್ಟ ಅಲಗುಗಳಲ್ಲಿ ಅರ್ಧ ಮುರಿದುಹೋಗಿದ್ದವು.

ಮೊದಲು ಕೊರೆದದ್ದು ತಾವರೆ. ಕೊನೆಯ ಗೆರೆ ಕೊಯ್ದು ಹಲಗೆ ಎತ್ತಿದರೆ ಎಸಳುಗಳೆಲ್ಲ ಒಂದೊಂದಾಗಿ ಮಡಿಲಿಗೆ ಉದುರಿದವು. ಭಾವ ಕಕ್ಕಾಬಿಕ್ಕಿಯಾದರು. ಬಟ್ಟೆಯಲ್ಲಿ ಹೂವನ್ನು ಎಲ್ಲಿ ಬೇಕಾದರೂ ಎತ್ತಬಹುದು, ಸುತ್ತಲಿನ ನೂಲು ಹಿಡಿದುಕೊಂಡಿರುತ್ತದೆ. ಹಲಗೆಯಲ್ಲಿ ಹಾಗಲ್ಲ, ಚಿತ್ರದ ತುಂಡು ತುಂಡಿಗೂ ಎಲ್ಲಾದರೂ ಒಂದು ಕಡೆ ಕೊಂಡಿ ಬಿಡಬೇಕು. ಇದು ತಲೆಗೆ ಹೋಗಲು ಅವರಿಗೆ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಅವರು ಕೊರೆದ ನವಿಲಿಗೆ ಕಣ್ಣಿಲ್ಲ, ಆನೆಗೆ ದಂತವಿಲ್ಲ. ಅಕ್ಕ ಆ ಚೂರುಗಳನ್ನೆಲ್ಲ ಒಲೆಗೆ ಹಾಕುತ್ತ ನಗುತ್ತಿದ್ದಳು.

ಇನ್ನೊಂದು ತಪ್ಪು ಇನ್ನೂ ತಮಾಷೆಯದು. ಸೀರೆಗೆ ಜರಿಯ ಬುಟ್ಟಾ ಎತ್ತುವಾಗ ನಮ್ಮ ಮಗ್ಗದಲ್ಲಿ ಸೀರೆಯ ಒಳಮೈ ಮೇಲಕ್ಕೆ, ಹೊರಮೈ ಕೆಳಕ್ಕೆ. ನೇಯುವವರ ಕಣ್ಣಿಗೆ ಎಡಕ್ಕೆ ನೋಡುವ ಗಿಳಿ ಉಟ್ಟವಳ ಸೆರಗಿನಲ್ಲಿ ಬಲಕ್ಕೆ ನೋಡುತ್ತದೆ. ಹುಡುಗನಾಗಿದ್ದಾಗಿನಿಂದ ಅದೇ ಅಭ್ಯಾಸವಾದ ಭಾವ, ಕಾಗದದ ಬರೆದ ಮೈಯನ್ನೇ ಹಲಗೆಗೆ ಅಂಟಿಸಿಬಿಡುತ್ತಿದ್ದರು. ಎದುರುಮನೆ ಶಿವನಂಜಮ್ಮನವರ ಬಾಗಿಲಿಗೆ ‘ಸುಸ್ವಾಗತ’ ಎಂದು ಕೊರೆದುಕೊಟ್ಟದ್ದು ಹೀಗೇ ತಿರುಗುಮುರುಗಾಗಿತ್ತು. ಆ ಮನೆಯಲ್ಲಿ ಓದು ಬಂದವರಿಲ್ಲದ್ದರಿಂದ ಯಾರೋ ನೆಂಟರು ಬಂದು ನಗುವ ತನಕ ಗೊತ್ತಾಗಲೇ ಇಲ್ಲ. ಹಿಂದುಮುಂದು ಮಾಡಿ ತೂಗುಹಾಕಿದರೆ ಅಕ್ಷರವೇನೋ ಸರಿಯಾಯಿತು, ಆದರೆ ಆ ಮೈಯ ಮೇಲೆ ಚಹಾ ಕಂಪನಿಯ ಕರಿ ಮುದ್ರೆ ಇತ್ತು. ಅದಾದ ಮೇಲೆ ಭಾವ ಅಂಟಿಸುವಾಗ ಎರಡು ಸಲ ನೋಡಿ ಅಂಟಿಸುತ್ತಿದ್ದರು. ಈ ಮಾತನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ, ಮುಂದಿನ ಗೊಂದಲಕ್ಕೆಲ್ಲ ಇದೇ ಮೂಲ.

ಅಕ್ಕ ವಿಷಮಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ. ಅವಳದೊಂದು ಫೋಟೋ ಕೂಡ ಇರಲಿಲ್ಲ. ಮದುವೆಯಲ್ಲಿ ತೆಗೆಸಬೇಕೆಂದಿದ್ದರು, ಫೋಟೋದವನು ಬರಲಿಲ್ಲ, ಆಮೇಲೆ ಮರೆತೇ ಹೋಯಿತು.

ನೇಯುವವರಿಗೆ ಕಂಡಿಕೆ ಸುತ್ತಿಕೊಡುವವರು ಒಬ್ಬರು ಬೇಕೇ ಬೇಕು. ಲಾಳಿಯೊಳಗೆ ಕೂರಿಸುವ ಆ ನೂಲಿನ ಸುರುಳಿ ಮುಗಿದರೆ ಮಗ್ಗ ನಿಂತಂತೆ. ಅಕ್ಕ ಮಾಡುತ್ತಿದ್ದ ಆ ಕೆಲಸಕ್ಕೆ ಅವ್ವ ನನ್ನನ್ನು ಕಳಿಸಿದಳು. ಎರಡು ಮನೆ ಆಚೆಗೆ ನಮ್ಮ ಮನೆ, ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಿದ್ದೆ. ಅಕ್ಕ ಕೂರುತ್ತಿದ್ದದ್ದು ಮಗ್ಗದ ಬಲಗಡೆ, ಎದುರು ನಡುವಿನ ಬೀದಿ ಬಾಗಿಲಿಗೆ ಮುಖಮಾಡಿ. ಆ ಜಾಗದಲ್ಲಿ ಕೂರಲು ನನಗೆ ಮನಸ್ಸು ಬರಲಿಲ್ಲ. ರಾಟೆಯನ್ನು ಎಡಗಡೆಗೆ ಎಳೆದುಕೊಂಡೆ, ನಾನೂ ಬಾಗಿಲಿಗೇ ಮುಖಮಾಡಿ ಕೂತೆ. ಹಾಗಾಗಿ ಮಗ್ಗದಿಂದ ನೋಡುವವರಿಗೆ ಅಕ್ಕನ ಮೂಗು ಎಡಕ್ಕಿರುತ್ತಿತ್ತು, ನನ್ನದು ಬಲಕ್ಕೆ. ಆಗ ಇದನ್ನೆಲ್ಲ ಯಾರು ಲೆಕ್ಕಕ್ಕಿಟ್ಟಿದ್ದರು.

ಭಾವ ಮೊದಲೇ ಮಾತು ಕಮ್ಮಿ, ಈಗ ಪೂರ್ತಿ ಮೂಗರಾದರು. ಗರಗಸ ಮೊಳೆಯಲ್ಲಿ ತೂಗುಬಿದ್ದಿತು. ಕಾರ್ತಿಕ ಕಳೆದ ಮೇಲೆ ಒಂದು ದಿನ ಅವರು ಜಗಲಿಯಲ್ಲಿ ಮತ್ತೆ ಹಲಗೆ ಹಿಡಿದು ಕೂತದ್ದನ್ನು ಕಂಡು ನನಗೆ ಸಮಾಧಾನವಾಯಿತು. ಏನು ಕೊರೆಯುತ್ತಿದ್ದಾರೆಂದು ಕೇಳಲಿಲ್ಲ. ಕೇಳಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತೋ ಏನೋ.

ಒಂದು ಬೆಳಿಗ್ಗೆ ಹೋದರೆ ಮಗ್ಗದ ಎದುರಿನ ಗೋಡೆಯ ಮೇಲೆ ಒಂದು ಹೆಣ್ಣಿನ ಮುಖ. ಹಣೆ, ಮೂಗು, ತುಟಿ, ಗಲ್ಲ ಒಂದೇ ಗೆರೆಯಲ್ಲಿ ಇಳಿದಿದ್ದವು. ಕಣ್ಣಿಗೆ ಒಂದು ಸಣ್ಣ ಎಲೆಯಂಥ ಕಂಡಿ, ಕಿವಿಗೆ ಓಲೆ. ಇಷ್ಟು ಚೆನ್ನಾಗಿ ಅವರು ಹಿಂದೆಂದೂ ಕೊರೆದಿರಲಿಲ್ಲ. ಅಕ್ಕ ಎಂದುಕೊಂಡು ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಕೆಂಡಕ್ಕೆಂದು ಬಂದ ಶಿವನಂಜಮ್ಮ ಒಳಗೆ ಇಣುಕಿ, ಗೋಡೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

“ಅಲ್ಲ ಕಣವ್ವ ವಸಂತ, ನಿನ್ನೇ ಕೂರ್ಸಿ ಕುಯ್ದಂಗದಲ್ಲ,” ಎಂದರು.

ನಾನು ಮತ್ತೆ ನೋಡಿದೆ. ಮುಖ ಬಲಕ್ಕೆ ತಿರುಗಿತ್ತು.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಹೆಂಗಸರು ಏನಾದರೊಂದು ನೆವ ಹೂಡಿ ಬಂದು ನೋಡಿ ಹೋದರು. ನಮ್ಮಿಬ್ಬರದೂ ಒಂದೇ ಮೂಗು, ಅಪ್ಪನದು, ಅದರಿಂದ ಏನೂ ತೀರ್ಮಾನವಾಗುವಂತಿರಲಿಲ್ಲ. ಕಟ್ಟಿದ್ದು ತುರುಬಾದರೆ ಅಕ್ಕ, ಜಡೆಯಾದರೆ ನಾನು, ಆದರೆ ಹಲಗೆ ಸಾಲದೆ ಕಿವಿಯ ಹಿಂದಕ್ಕೇ ತಲೆ ಮುಗಿದುಹೋಗಿತ್ತು. ತಾಳಿ ಇದೆಯೇ ನೋಡೋಣವೆಂದರೆ ಕುತ್ತಿಗೆಯೇ ಇಲ್ಲ. ಒಬ್ಬಾಕೆ ಅದನ್ನು ಮೊಳೆಯಿಂದ ತೆಗೆದು ತಿರುಗಿಸಿ ಹಿಡಿದಳು. ಈಗ ಎಡಕ್ಕೆ ನೋಡುವ ಅಕ್ಕ, ಆದರೆ ಕೆನ್ನೆಯ ತುಂಬ ಚಹಾ ಕಂಪನಿಯ ಮುದ್ರೆ. ಮುದ್ರೆ ಇರುವ ಮೈ ಹಿಂದಿನದು, ಆದ್ದರಿಂದ ಮುಂದಿನದು ವಸಂತನೇ ಎಂದು ಆಕೆ ತೀರ್ಪು ಕೊಟ್ಟಳು. ಇನ್ನೊಬ್ಬಳು, ಅವರು ಯಾವಾಗಲೂ ತಿರುಗುಮುರುಗು ಅಂಟಿಸುವವರಲ್ಲವೇ, ‘ಸುಸ್ವಾಗತ’ ಮರೆತುಹೋಯಿತೇ ಎಂದಳು. ಭಾವನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ತಲೆ ತಗ್ಗಿಸಿ ಲಾಳಿ ಓಡಿಸುತ್ತಲೇ ಇದ್ದರು.

ಹಲಗೆ ತುಂಡಿಗೆ ಇಷ್ಟೊಂದು ವಿಚಾರಣೆ ಯಾಕೆಂದರೆ, ನಮ್ಮಲ್ಲಿ ಹೆಂಡತಿ ತೀರಿಕೊಂಡರೆ ಅವಳ ತಂಗಿಯನ್ನು ತಂದುಕೊಳ್ಳುವುದು ಇದ್ದದ್ದೇ. ಅದೇ ಹೊತ್ತಿಗೆ ಯಳಂದೂರು ಕಡೆಯ ಅಗರದಿಂದ ನನಗೊಂದು ಸಂಬಂಧ ಬಂದಿತ್ತು. ನಮ್ಮವರದೇ ಒಂದು ಮನೆ, ಸ್ವಲ್ಪ ಜಮೀನೂ ಇತ್ತು, ಹುಡುಗ ಒಳ್ಳೆಯವನೆಂದೇ ಎಲ್ಲರೂ ಹೇಳಿದರು. ಆಗ ನಮ್ಮೂರು ಮದರಾಸಿಗೆ ಸೇರಿದ್ದು, ಅಗರ ಮೈಸೂರಿಗೆ. ಅವ್ವನಿಗೆ ಅದು ಸಮುದ್ರದಾಚೆ ಕೊಟ್ಟಂತೆ. ಅಳಿಯನೇ ಮಾಡಿಕೊಳ್ಳುವುದಾದರೆ ಅಗರ ಯಾಕೆ ಎಂದು ಅವಳ ಆಸೆ. ಆದರೆ ಹೆಣ್ಣಿನ ಕಡೆಯವರು ತಾವಾಗಿ ಬಾಯಿಬಿಟ್ಟು ಕೇಳುವುದು ಹೇಗೆ, ಅದೂ ಮಗಳು ಸತ್ತು ವರ್ಷ ತುಂಬುವ ಮೊದಲೇ. ಸಂತೆಗೆ ಬಂದಾಗ ಉತ್ತರ ಕೊಡುತ್ತೇವೆಂದು ಅಗರದವರಿಗೆ ಹೇಳಿ ಕಳಿಸಿದ್ದಳು. ದಿನಾ ಅಲ್ಲೇ ಕೂತಿರುತ್ತೀಯ, ಅದು ಯಾರ ಮುಖ ಅಂತ ಅಷ್ಟು ತಿಳಿದುಕೊಂಡು ಬಾ ಎಂದು ನನ್ನ ಬೆನ್ನು ಹತ್ತಿದಳು.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅದು ನಾನಾದರೆ ನನ್ನನ್ನು ಒಂದು ಮಾತು ಕೇಳದೆ ಗೋಡೆಗೇರಿಸಿದ್ದೇಕೆ. ಅಕ್ಕನಾದರೆ ಅವಳನ್ನು ನನ್ನ ಕಡೆಗೆ ತಿರುಗಿಸಿದ್ದೇಕೆ. ಭಾವ ಊಟಕ್ಕೆದ್ದಾಗ ಅದನ್ನು ಹಿಂದುಮುಂದು ಮಾಡಿ ತೂಗುಹಾಕಿದೆ, ಮುದ್ರೆಯಿದ್ದರೂ ಅಕ್ಕ ಅಕ್ಕನೇ ಎಂದು. ಅವರು ಬಂದು ನೋಡಿ ಮಗ್ಗಕ್ಕೆ ಕೂತರು. ಮಾರನೆಯ ದಿನ ಹೋದರೆ ಮುಖ ಮತ್ತೆ ಬಲಕ್ಕೆ. ಮತ್ತೆ ತಿರುಗಿಸಿದೆ. ಮತ್ತೆ ಬಲಕ್ಕೆ ಬಂತು. ಹೀಗೆ ಇಬ್ಬರೂ ಬಾಯಿ ಬಿಡದೆ ಒಂದು ಹಲಗೆಯ ಜೊತೆ ಜಗಳವಾಡುತ್ತಿದ್ದೆವು. ಒಂದೊಂದು ದಿನ ಅದು ಬಲಕ್ಕಿದ್ದರೆ ನನಗೆ ಒಳಗೊಳಗೇ ಹಿತವೆನಿಸುತ್ತಿತ್ತು, ಆ ಹಿತಕ್ಕೆ ನಾಚಿಕೆಯಾಗುತ್ತಿತ್ತು, ನಾಚಿಕೆಯಾದದ್ದಕ್ಕೆ ಮತ್ತೆ ಸಿಟ್ಟು. ರಾತ್ರಿ ಅವ್ವ ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದೆ. ನಿಜವಾಗಿಯೂ ಏನೂ ಗೊತ್ತಿರಲಿಲ್ಲ.

ಸಂತೆಯ ಹಿಂದಿನ ದಿನ ಮಧ್ಯಾಹ್ನ, ಕಂಡಿಕೆ ಕೊಡುತ್ತ ಕೇಳಿಯೇಬಿಟ್ಟೆ.

“ಬಾವ, ಅದು ಅಕ್ಕನಾ ನಾನಾ?”

ಲಾಳಿ ಅವರ ಕೈಯಲ್ಲೇ ನಿಂತಿತು. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಪರೀಕ್ಷೆಯಲ್ಲಿ ಉತ್ತರ ತಿಳಿಯದವರಂತೆ ಗೋಡೆಯನ್ನು ನೋಡಿದರು.

“ನಾ ನಿಮ್ಮಕ್ಕನ್ನೇ ಅಂತ ಬರ್ದಿ ಕಣವ್ವ. ಕುಯ್ದಾದ್ಮೇಲೆ ನೋಡ್ತೀನಿ, ನಿನ್ನಂಗೆ ಕಾಣ್ತದ. ಅಂಟಿಸ್ವಾಗ ಕಾಗ್ದ ತಿರುಗ್ತೋ ನನ್ ಮನ್ಸೇ ತಿರುಗ್ತೋ, ನಂಗೇ ತಿಳೀನಿಲ್ಲ,” ಎಂದರು.

ಎಡಕ್ಕೆ ತಿರುಗಿಸಿದರೆ ಅವಳ ಕೆನ್ನೆಯ ಮೇಲೆ ಆ ಕರಿ ಮುದ್ರೆ ನೋಡಲಾಗುವುದಿಲ್ಲ, ಅದಕ್ಕೇ ತಾವು ಮತ್ತೆ ಮತ್ತೆ ಬಲಕ್ಕೆ ತಿರುಗಿಸುತ್ತಿದ್ದದ್ದು ಎಂದೂ ಹೇಳಿದರು. ಹಾಗೆ ತಿರುಗಿಸಿದಾಗ ಕಾಣುತ್ತಿದ್ದವಳು ಅವಳೋ ನಾನೋ ಎಂಬ ಯೋಚನೆಗೆ ಕೆಲಸವೇ ಕೈಗೆ ಹತ್ತುತ್ತಿಲ್ಲವಂತೆ. ಅಗರದ ವಿಷಯ ಅವರಿಗೂ ತಿಳಿದಿತ್ತು. ನನಗೇ ಗೊತ್ತಿಲ್ಲದೆ ಹೋಗು ಅಂತಲೂ ಹೇಗೆ ಹೇಳಲಿ, ಇರು ಅಂತಲೂ ಹೇಗೆ ಹೇಳಲಿ ಎಂದರು.

ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನನಗೊಂದು ಉಪಾಯ ಹೊಳೆಯಿತು. ಇನ್ನೊಂದು ಕಾಗದ ತೆಗೆದುಕೊಳ್ಳಿ, ಈ ಸಲ ನನ್ನನ್ನೇ ನೋಡಿಕೊಂಡು ಬರೆಯಿರಿ, ಅಂಟಿಸುವುದೂ ಬೇಡ ಕೊರೆಯುವುದೂ ಬೇಡ, ಕಾಗದದಲ್ಲಿ ಏನು ಬರುತ್ತದೋ ನೋಡೋಣ ಎಂದೆ. ಅವರು ಎದ್ದು ಪೆನ್ಸಿಲು ಹುಡುಕಿಕೊಂಡರು.

ನಾನು ನನ್ನ ಜಾಗದಲ್ಲೇ ಕೂತು ರಾಟೆ ತಿರುಗಿಸತೊಡಗಿದೆ. ಭಾವ ನೋಡುವುದು, ಬರೆಯುವುದು, ಮತ್ತೆ ನೋಡುವುದು. ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿದ್ದಿಲ್ಲ. ಬಾಗಿಲಾಚೆ ಶಿವನಂಜಮ್ಮನ ಮನೆಯ ಕೋಳಿಗಳು ಓಡಾಡುತ್ತಿದ್ದವು, ಅವನ್ನೇ ದಿಟ್ಟಿಸುತ್ತ ಕೂತೆ. ಕಿವಿ ಬಿಸಿಯಾಯಿತು. ರಾಟೆಯ ಮೇಲೆ ಗಮನವಿಲ್ಲದೆ ಎಳೆ ಎರಡು ಸಲ ಕಡಿಯಿತು, ಗಂಟು ಹಾಕಲು ಹೋಗಲಿಲ್ಲ. ಅಲ್ಲಾಡಿದರೆ ಅವರಿಗೆ ತಪ್ಪೀತೆಂದು ಉಸಿರನ್ನೂ ಹಿಡಿದು ಬಿಡುತ್ತಿದ್ದೆ.

ಪೆನ್ಸಿಲಿನ ಸದ್ದು ನಿಂತಿತು. ನಾನೇ ಎದ್ದು ಹೋಗಿ ನೋಡಿದೆ.

ನಾನು ಬಲಕ್ಕೆ ಮುಖಮಾಡಿ ಕೂತಿದ್ದೆ. ಕಾಗದದಲ್ಲಿದ್ದವಳು ಎಡಕ್ಕೆ ತಿರುಗಿದ್ದಳು. ನನ್ನ ಜಡೆ ಬೆನ್ನ ಮೇಲಿತ್ತು, ಅವಳಿಗೆ ತುರುಬು. ಕುತ್ತಿಗೆಯಲ್ಲಿ ಕರಿಮಣಿ. ಮೇಲ್ತುಟಿಯನ್ನು ಒಂದಿಷ್ಟು ಎತ್ತಿ ಅಕ್ಕ ನಗು ತಡೆದುಕೊಳ್ಳುತ್ತಿದ್ದ ರೀತಿ ಹಾಗೇ ಬಂದಿತ್ತು. ಇಷ್ಟೂ ಹೊತ್ತು ನನ್ನನ್ನು ನೋಡುತ್ತಲೇ ಭಾವ ಅಕ್ಕನನ್ನು ಬರೆದಿದ್ದರು.

ಅವರಿಗೂ ಅದು ಆಗಲೇ ಕಂಡದ್ದೆಂದು ಕಾಣುತ್ತದೆ. ಕಾಗದ ಹಿಡಿದ ಕೈ ಕೆಳಗಿಳಿಯಿತು.

“ನನ್ ಕೈಗೆ ಅವಳೊಬ್ಳೇ ಗೊತ್ತು ಕಣವ್ವ,” ಎಂದರು.

ಹೋಗಲಿ ಬಿಡಿ ಎಂದೆ. ಕಡಿದ ಎಳೆಗೆ ಗಂಟು ಹಾಕಿ, ಆ ದಿನಕ್ಕೆ ಬೇಕಾದ ಕಂಡಿಕೆಗಳನ್ನೆಲ್ಲ ಸುತ್ತಿ ಬುಟ್ಟಿಗೆ ಹಾಕಿ ಮನೆಗೆ ಬಂದೆ. ಅವ್ವ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದವಳು ನನ್ನ ಮುಖ ನೋಡಿದ್ದೇ, ಅಳಿಯಂದಿರು ಏನೆಂದರು, ಅದು ಯಾರಂತೆ ಎಂದು ಕೇಳಿದಳು.

“ಅದು ಅಕ್ಕನೇಯ. ನಾಳೀಕೆ ಅಗರದೋರ್ಗೆ ಊ ಅಂತ ಯೋಳ್ಬುಡವ್ವ,” ಎಂದೆ.

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ನನಗೆ ಜೋರಾಗಿ ಅಳು ಬಂತು. ಅದು ನಾನೇ ಆಗಿರಲಿ ಎಂದು ಇಷ್ಟು ದಿನವೂ ಆಸೆಪಟ್ಟಿದ್ದೆ ಎಂಬುದು ನನಗೆ ತಿಳಿದದ್ದೇ ಆಗ.